ಹಜ್ ಯಾತ್ರೆಯ ಅರ್ಥ ಮತ್ತು ಆಚರಣೆ

ತೀರ್ಥಯಾತ್ರೆಯೆಂಬುದು ನಮ್ಮ ನಾಡಿನ ಜನರಿಗೆ ಹೊಸ ಮಾತಲ್ಲ. ಫಾಲ್ಗುಣ ಮಾಸ ಬಂದಿತೆಂದರೆ ಕುದಾಪುರದ ಸುತ್ತಮುತ್ತಲ ಹಳ್ಳಿಯವರು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಗೆ ಹೊರಡುತ್ತಾರೆ. ಹರಕೆಯ ಕೊಬ್ಬರಿ ಸುಟ್ಟು, ತೇರು ನೋಡಿ ಮರಳುತ್ತಾರೆ. ನೆರೆಮನೆಯ ಮುಸಲ್ಮಾನರು ಹಜ್ಜಿಗೆ ಹೊರಟಾಗ ಅದೂ ಇಂತಹುದೇ ಒಂದು ದೂರದ ಜಾತ್ರೆಯೆಂದು ನಮ್ಮಲ್ಲಿ ಅನೇಕರು ಭಾವಿಸುವುದುಂಟು. ಹೋಲಿಕೆ ಇಲ್ಲದಿಲ್ಲ. ಆದರೆ ಹರಕೆ ನಾವಾಗಿಯೇ ಹೊತ್ತುಕೊಂಡದ್ದು. ಹಜ್ ಹಾಗಲ್ಲ, ಅದು ಮುಸಲ್ಮಾನನ ಮೇಲಿರುವ ಒಂದು ಋಣ. ಈ ದೃಷ್ಟಿಯಿಂದ ನೋಡಿದರೆ ಆ ಯಾತ್ರೆಯ ಅನೇಕ ನಿಯಮಗಳ ಅರ್ಥ ತಾನಾಗಿಯೇ ತಿಳಿಯಾಗುತ್ತದೆ.

ಕಲಿಮಾ, ನಮಾಜು, ರೋಜಾ, ಜಕಾತ್, ಹಜ್ ಎಂಬ ಐದು ಇಸ್ಲಾಂ ಧರ್ಮದ ಸ್ತಂಭಗಳು. ನಮಾಜು ದಿನಕ್ಕೆ ಐದು ಬಾರಿ. ರೋಜಾ ವರ್ಷಕ್ಕೆ ಒಂದು ತಿಂಗಳು. ಹಜ್ ಮಾತ್ರ ಬದುಕಿನಲ್ಲಿ ಒಮ್ಮೆ, ಅದೂ ಶಕ್ತಿಯುಳ್ಳವರಿಗೆ ಮಾತ್ರ ಕಡ್ಡಾಯ. ಪೈಗಂಬರರ ಬಳಿ ಒಬ್ಬ ಹೆಂಗಸು ಬಂದು, ಹಜ್ಜಿಗೆ ಹೋಗುವೆನೆಂದು ಹರಕೆ ಹೊತ್ತ ತನ್ನ ತಾಯಿ ಹೋಗದೆಯೇ ತೀರಿಕೊಂಡಳೆಂದು ಹೇಳಿದಳಂತೆ. ತಾಯಿಗೆ ಸಾಲವಿದ್ದರೆ ನೀನು ತೀರಿಸುತ್ತಿರಲಿಲ್ಲವೆ, ದೇವರ ಸಾಲವನ್ನೂ ಹಾಗೆಯೇ ತೀರಿಸು ಎಂಬರ್ಥದ ಉತ್ತರ ಆಕೆಗೆ ದೊರೆಯಿತೆಂದು ಹದೀಸಿನಲ್ಲಿದೆ. ಹಜ್ಜನ್ನು ಋಣವೆಂದು ಕರೆದುದು ನಮ್ಮ ಕಲ್ಪನೆಯಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಇನ್ನು 'ಶಕ್ತಿ' ಎಂದರೇನು? ಧರ್ಮಶಾಸ್ತ್ರಜ್ಞರು ಇದನ್ನು ವಿವರವಾಗಿ ಬಿಡಿಸಿ ಹೇಳಿದ್ದಾರೆ. ದೇಹದಲ್ಲಿ ಕಸುವಿರಬೇಕು, ದಾರಿ ನಿರ್ಭಯವಾಗಿರಬೇಕು, ಹೋಗಿಬರುವ ಖರ್ಚಿಗೆ ಹಣವಿರಬೇಕು. ಆ ಹಣ ಯಾವುದು? ಇದ್ದ ಸಾಲ ಕಳೆದು, ತಾನು ಮರಳುವವರೆಗೆ ಹೆಂಡತಿ ಮಕ್ಕಳ ಮತ್ತು ತನ್ನನ್ನೇ ನಂಬಿದವರ ಹೊಟ್ಟೆಬಟ್ಟೆಗೆ ಇರಿಸಿ, ಆ ಮೇಲೆ ಉಳಿದದ್ದು. ಮಳೆ ಕೈಕೊಟ್ಟು ಶೇಂಗಾ ಒಣಗಿ ಸಾಲದಲ್ಲಿ ಬಿದ್ದ ಚಳ್ಳಕೆರೆ ಸೀಮೆಯ ಒಬ್ಬ ರೈತ ಹಜ್ಜಿಗೆ ಹೋಗದಿದ್ದರೆ ಅವನಿಗೆ ದೋಷವಿಲ್ಲ. ಹೋಗಲೆಂದು ಹೊಸ ಸಾಲ ಮಾಡಬೇಕಾಗಿಯೂ ಇಲ್ಲ. ದೇವರ ಋಣಕ್ಕೆ ಮುಂಚೆ ಮನುಷ್ಯರ ಋಣ ತೀರಬೇಕೆಂಬುದೇ ಇದರ ತಾತ್ಪರ್ಯ. ಹಣದ ಋಣವಷ್ಟೇ ಅಲ್ಲ. ಹೊರಡುವ ಮುನ್ನ ಯಾತ್ರಿಕರು ನೆಂಟರಿಷ್ಟರ, ನೆರೆಹೊರೆಯವರ ಮನೆಗೆ ಹೋಗಿ 'ತಪ್ಪಿದ್ದರೆ ಮಾಫಿ ಮಾಡಿ' ಎಂದು ಕೇಳಿಕೊಳ್ಳುವ ವಾಡಿಕೆ ನಮ್ಮ ಊರುಗಳಲ್ಲಿದೆ. ಪರರಿಗೆ ಮಾಡಿದ ಅನ್ಯಾಯವನ್ನು ಆ ಪರರೇ ಕ್ಷಮಿಸಬೇಕಲ್ಲದೆ ಯಾತ್ರೆಯೊಂದೇ ಅದನ್ನು ತೊಳೆಯಲಾರದೆಂಬುದು ಬಹುಮಂದಿ ವಿದ್ವಾಂಸರ ಮತ.

ಹಜ್ ನಡೆಯುವುದು ಜಿಲ್ಹಜ್ ಮಾಸದ ೮ರಿಂದ ೧೨ ಅಥವಾ ೧೩ರವರೆಗೆ. ಚಾಂದ್ರಮಾನದ ವರ್ಷವಾದ್ದರಿಂದ ಈ ದಿನಗಳು ಪ್ರತಿವರ್ಷ ಸುಮಾರು ೧೧ ದಿನ ಮುಂಚಿತವಾಗಿ ಬರುತ್ತವೆ. ಮಕ್ಕಾ ನಗರಕ್ಕೆ ನಿಶ್ಚಿತ ದೂರದಲ್ಲಿರುವಾಗಲೇ ಯಾತ್ರಿಕನು ಇಹ್ರಾಮ್ ಧರಿಸತಕ್ಕದ್ದು. ಗಂಡಸರಿಗೆ ಹೊಲಿಗೆಯಿಲ್ಲದ ಎರಡು ಬಿಳಿಯ ಬಟ್ಟೆ. ಹೆಂಗಸರಿಗೆ ಮರ್ಯಾದೆಯ ಸಾಮಾನ್ಯ ಉಡುಪು. ಆ ಬಳಿಕ ಕೂದಲು, ಉಗುರು ಕತ್ತರಿಸುವಂತಿಲ್ಲ, ಸುಗಂಧ ಪೂಸುವಂತಿಲ್ಲ, ಬೇಟೆಯಾಡುವಂತಿಲ್ಲ, ಜಗಳವಾಡುವಂತಿಲ್ಲ. ಜಮೀನುದಾರನೋ ಕೂಲಿಯವನೋ ಎಂದು ಬಟ್ಟೆ ನೋಡಿ ಹೇಳಲು ಅಲ್ಲಿ ಸಾಧ್ಯವಿಲ್ಲ.

ಮಕ್ಕಾ ಸೇರಿದ ಯಾತ್ರಿಕರು ಕಾಬಾ ಮಂದಿರವನ್ನು ಏಳು ಸುತ್ತು ಬರುತ್ತಾರೆ. ಇಬ್ರಾಹಿಮರೂ ಅವರ ಮಗ ಇಸ್ಮಾಯಿಲರೂ ಕಟ್ಟಿದ್ದೆಂದು ಮುಸಲ್ಮಾನರು ನಂಬುವ ಆಲಯವಿದು. ತರುವಾಯ ಸಫಾ, ಮರ್ವಾ ಎಂಬ ಎರಡು ದಿಬ್ಬಗಳ ನಡುವೆ ಏಳು ಬಾರಿ ನಡೆಯುತ್ತಾರೆ. ಇಬ್ರಾಹಿಮರ ಪತ್ನಿ ಹಾಜಿರಾ ಬಾಯಾರಿದ ಹಸುಗೂಸಿಗಾಗಿ ನೀರನ್ನು ಅರಸಿ ಅಲ್ಲಿ ಓಡಾಡಿದಳೆಂದೂ ಆಗ ಜಮ್‌ಜಮ್ ಚಿಲುಮೆ ಉಕ್ಕಿತೆಂದೂ ಕಥೆ. ನೀರಿಗಾಗಿ ಕೊಡ ಹೊತ್ತು ಅಲೆದ ತಾಯಂದಿರನ್ನು ಕಂಡಿರುವ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ನಮಗೆ ಈ ಆಚರಣೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ದಿಕ್ಕಿಲ್ಲದ ತಾಯಿಯ ಪರದಾಟವನ್ನೇ ಅರಸನಾದಿಯಾಗಿ ಎಲ್ಲರೂ ನಡೆದು ನೆನೆಯಬೇಕಾದ ವಿಧಿಯನ್ನಾಗಿ ಮಾಡಿರುವುದು ಚಿಂತನಾರ್ಹ ಸಂಗತಿ.

೮ರಂದು ಯಾತ್ರಿಕರು ಮಿನಾಕ್ಕೆ ಹೋಗಿ, ೯ರಂದು ಮಕ್ಕಾದಿಂದ ಸುಮಾರು ೨೦ ಕಿಲೋಮೀಟರು ದೂರದ ಅರಫಾತ್ ಬಯಲಿನಲ್ಲಿ ನೆರೆಯುತ್ತಾರೆ. ಹಜ್ಜಿನ ಜೀವಾಳ ಇದೇ; ಅರಫಾತ್ ತಪ್ಪಿದರೆ ಹಜ್ಜೇ ತಪ್ಪಿದಂತೆ. ಅಲ್ಲಿ ವಿಗ್ರಹವಿಲ್ಲ, ಮೆರವಣಿಗೆಯಿಲ್ಲ. ಹೊತ್ತು ಮುಳುಗುವವರೆಗೆ ಪ್ರಾರ್ಥನೆ, ಪಶ್ಚಾತ್ತಾಪಗಳಲ್ಲಿ ಇರುವುದಷ್ಟೆ. ಕ್ರಿ. ಶ. ೬೩೨ರಲ್ಲಿ ಪೈಗಂಬರರು ತಮ್ಮ ಕಡೆಯ ಹಜ್ಜಿನ ಉಪದೇಶ ನೀಡಿದ್ದು ಇಲ್ಲಿಯೇ. ಒಬ್ಬರ ಪ್ರಾಣ, ಸ್ವತ್ತು ಇನ್ನೊಬ್ಬರಿಗೆ ಪವಿತ್ರವೆಂದು ಅವರು ಸಾರಿದರು. ಹಿಂದಿನ ಕಾಲದ ಬಡ್ಡಿಯ ಬಾಕಿಯನ್ನೆಲ್ಲ ರದ್ದುಮಾಡಿದರು. ಮೊದಲು ರದ್ದಾದುದು ಅವರ ಚಿಕ್ಕಪ್ಪ ಅಬ್ಬಾಸರಿಗೆ ಬರಬೇಕಾಗಿದ್ದ ಬಡ್ಡಿ. ಸುಧಾರಣೆ ಸ್ವಂತ ಮನೆಯಿಂದಲೇ ಮೊದಲಾಯಿತು.

ಅಂದಿನ ರಾತ್ರಿ ಮುಜ್ದಲಿಫಾದಲ್ಲಿ ಕಳೆದು, ೧೦ರಂದು ಮಿನಾದಲ್ಲಿ ಸೈತಾನನ ಸಂಕೇತವಾದ ಕಂಬಕ್ಕೆ ಏಳು ಹರಳು ಎಸೆಯುತ್ತಾರೆ. ಪ್ರಾಣಿಬಲಿ, ಕೇಶಮುಂಡನ, ಮತ್ತೆ ಕಾಬಾ ಪ್ರದಕ್ಷಿಣೆ ಇವು ಮುಂದಿನ ವಿಧಿಗಳು. ಅದೇ ದಿನ ಲೋಕದ ಇತರ ಮುಸಲ್ಮಾನರಿಗೆ ಬಕ್ರೀದ್. ಬಲಿಯ ಮಾಂಸವಾಗಲಿ ರಕ್ತವಾಗಲಿ ದೇವರನ್ನು ಮುಟ್ಟುವುದಿಲ್ಲ, ಮುಟ್ಟುವುದು ಭಕ್ತಿಯೊಂದೇ ಎಂಬುದು ಕುರಾನಿನ ಬೋಧೆ.

ಕುದಾಪುರದಿಂದ ಮಕ್ಕಾ ಸುಮಾರು ನಾಲ್ಕು ಸಾವಿರ ಕಿಲೋಮೀಟರು ದೂರ. ಹಿಂದೆ ನಮ್ಮವರು ಮುಂಬಯಿಗೆ ಹೋಗಿ, ಹಡಗು ಹತ್ತಿ ಜಿದ್ದಾ ಸೇರುತ್ತಿದ್ದರು. ಆ ಹಡಗಿನ ಯಾನ ೧೯೯೫ರಲ್ಲಿ ನಿಂತಿತು. ಈಗ ಬೆಂಗಳೂರಿನಿಂದ ವಿಮಾನವಿದೆ. ತಿರುಮೇನಹಳ್ಳಿಯಲ್ಲಿ ಹಜ್ ಭವನವಿದೆ. ಸರ್ಕಾರದ ಸಹಾಯಧನವನ್ನು ಹತ್ತು ವರ್ಷಗಳೊಳಗೆ ಕ್ರಮವಾಗಿ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟು ೨೦೧೨ರಲ್ಲಿ ಆದೇಶಿಸಿತು. ೨೦೧೮ರಲ್ಲಿ ಅದು ನಿಂತಿತು. ಸ್ವಂತ ಶಕ್ತಿಯಿದ್ದವರಿಗೇ ಹಜ್ ಎಂಬ ಶಾಸ್ತ್ರದ ಮಾತಿಗೆ ಇದು ಹತ್ತಿರವೆಂದು ಮುಸಲ್ಮಾನರಲ್ಲೇ ಕೆಲವರು ಅಭಿಪ್ರಾಯಪಟ್ಟರು. ಅದೇ ವರ್ಷದಿಂದ ೪೫ ವರ್ಷ ದಾಟಿದ ಹೆಂಗಸರು ಗಂಡು ನೆಂಟರ ಜೊತೆಯಿಲ್ಲದೆ ಗುಂಪಾಗಿ ಹೋಗಲು ನಮ್ಮ ಸರ್ಕಾರ ಅವಕಾಶ ಕೊಟ್ಟಿತು. ೨೦೨೪ರ ಹಜ್ಜಿನಲ್ಲಿ ವಿಪರೀತ ಸೆಕೆಯ ನಡುವೆ ೧,೩೦೦ಕ್ಕೂ ಹೆಚ್ಚು ಮಂದಿ ಮೃತರಾದರು. ಅವರಲ್ಲಿ ಬಹುಪಾಲು ಜನ ಅನುಮತಿಪತ್ರವಿಲ್ಲದೆ ಹೋಗಿ, ನೆರಳು, ವಾಹನಗಳ ಸೌಕರ್ಯವಿಲ್ಲದೆ ಬಿಸಿಲಲ್ಲಿ ನಡೆದವರು. 'ಶಕ್ತಿಯಿದ್ದವರಿಗೆ' ಎಂಬ ಷರತ್ತು ಯಾತ್ರಿಕನನ್ನು ಕಾಪಾಡುವ ಬೇಲಿಯೂ ಹೌದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ದರ್ಗಾಗಳ ಸಂದರ್ಶನವನ್ನು ಹಜ್ಜಿನೊಡನೆ ಬೆರೆಸಬಾರದು. ೧೪೨೨ರಲ್ಲಿ ನಿಧನರಾದ ಖ್ವಾಜಾ ಬಂದೇ ನವಾಜರ ಕಲಬುರಗಿಯ ದರ್ಗಾಕ್ಕೆ ಉರುಸಿನಲ್ಲಿ ಹಿಂದೂಗಳೂ ಮುಸಲ್ಮಾನರೂ ಹೋಗುತ್ತಾರೆ. ಅದು ಜಿಯಾರತ್, ಪ್ರೀತಿಯಿಂದ ಮಾಡುವ ದರ್ಶನ, ಕಡ್ಡಾಯವಲ್ಲ. ನಮ್ಮ ಜಾತ್ರೆಗೆ ನಿಜವಾದ ಹೋಲಿಕೆ ಇದು.

ಹಜ್ಜಿನಿಂದ ಮರಳಿದವನಿಗೆ 'ಹಾಜಿ' ಎಂಬ ಗೌರವ. ಆದರೆ ಅವನು ಊರಿಗೆ ಏನನ್ನು ತಂದನೆಂಬುದೇ ಮುಖ್ಯ. ೧೭ನೆಯ ಶತಮಾನದಲ್ಲಿ ಬಾಬಾಬುಡನ್ ಹಜ್ಜಿನಿಂದ ಮರಳುವಾಗ ಯೆಮೆನಿನ ಮೋಖಾದಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಪ್ರತೀತಿ. ಅದರ ಫಲವನ್ನು ಜಾತಿಮತ ಭೇದವಿಲ್ಲದೆ ಎಲ್ಲರೂ ಉಂಡಿದ್ದೇವೆ. ಎಲ್ಲ ಹಾಜಿಗಳೂ ಬೀಜ ತರಲಾರರು. ಆದರೆ ಹೋಗುವಾಗ ಸಾಲ ತೀರಿಸಿ, ಮಾಫಿ ಕೇಳಿ ಹೊರಟವನು ಬಂದ ಮೇಲೂ ಅದೇ ಲೆಕ್ಕವನ್ನು ಚೊಕ್ಕವಾಗಿ ಇಟ್ಟುಕೊಂಡರೆ ಊರಿಗೆ ಅದಕ್ಕಿಂತ ಹೆಚ್ಚಿನ ಲಾಭವೇನಿದೆ? ಹೋಗಲಾಗದ ಬಡವನಿಗೂ ಈ ಭಾಗದ ಹಜ್ ತನ್ನ ಮನೆಯ ಹೊಸ್ತಿಲಲ್ಲಿಯೇ ಉಂಟು. ಯಾವ ಮತದವರಾದರೂ ಕಲಿಯತಕ್ಕ ಪಾಠವಿದು.