ಕೆರೆಯ ಉಸ್ತುವಾರಿ: ಖರ್ಚು ಯಾರದು?

ಮುಂಗಾರಿಗೆ ಮುನ್ನ ಏರಿಯ ಬಿರುಕು ಮುಚ್ಚಲು, ಕಾಲುವೆಯ ಜೊಂಡು ಕೀಳಲು ಅಚ್ಚುಕಟ್ಟಿನ 60 ಮನೆಗಳಿಂದ ಮನೆಗೊಂದಾಳು ಬರಬೇಕೆಂದು ಗೊತ್ತುಮಾಡಲಾಗಿದೆ ಎಂದಿಟ್ಟುಕೊಳ್ಳಿ. ಒಂದು ಮನೆಯವರು ಬರಲಿಲ್ಲ. ಆದರೂ ಕೆರೆ ತುಂಬಿದಾಗ ಅವರ ಗದ್ದೆಗೆ ನೀರು ಹರಿಯುತ್ತದೆ. ಇದನ್ನು ಕಂಡು ಮರುವರ್ಷ ಹತ್ತು ಮನೆಯವರು ತಪ್ಪಿಸಿಕೊಳ್ಳುತ್ತಾರೆ; ಮೂರನೆಯ ವರ್ಷ ಕೆಲಸವೇ ನಿಲ್ಲುತ್ತದೆ. ಎಲ್ಲರಿಗೂ ಸೇರಿದ ಸ್ವತ್ತಿನ ತೊಡಕು ಇದೇ.

ಹಿಂದೆ ಊರವರೆಲ್ಲ ಒಗ್ಗಟ್ಟಿನಿಂದ ಕೆರೆ ಕಟ್ಟಿದರೆಂಬ ಮಾತು ಅರ್ಧ ನಿಜ. ಶಾಸನಗಳಲ್ಲಿ ಅರಸರು, ನಾಯಕರು, ವರ್ತಕರು ಕೆರೆಗೆ ಹಣ ಹಾಕಿದ್ದು ಕಂಡುಬರುತ್ತದೆ. ಸ್ವಂತ ಹಣದಿಂದ ಕೆರೆ ಕಟ್ಟಿಸಿದವನಿಗೆ ಅದರ ಕೆಳಗಿನ ಭೂಮಿಯಲ್ಲಿ ಒಂದು ಪಾಲನ್ನು ಬಿಟ್ಟುಕೊಡುತ್ತಿದ್ದರು. ದಶವಂದ, ಕಟ್ಟುಕೊಡಗೆ ಎಂಬುವು ಇಂಥ ಏರ್ಪಾಡುಗಳು. ಹೂಳೆತ್ತುವ ಬಂಡಿಗಳ ಖರ್ಚಿಗೂ ಭೂಮಿ ಬಿಟ್ಟದ್ದುಂಟು. ಕೆರೆ ಕೆಟ್ಟರೆ ಕೊಡಗೆಯ ಗದ್ದೆಯೂ ಒಣಗುತ್ತಿದ್ದುದರಿಂದ, ಹಣ ಹಾಕಿದವನು ಅದನ್ನು ಮರೆಯುವಂತಿರಲಿಲ್ಲ. ನೀರು ಹಂಚುವ ನೀರುಗಂಟಿಗೆ ರೈತರು ಸುಗ್ಗಿಯಲ್ಲಿ ಧಾನ್ಯ ಅಳೆದುಕೊಡುತ್ತಿದ್ದರು. ಈ ಪದ್ಧತಿಯಲ್ಲಿ ಬಿಟ್ಟಿ ಚಾಕರಿಯೂ ಜಾತಿಯ ಕಟ್ಟೂ ಇದ್ದವು. ಅದನ್ನು ಹಾಗೆಯೇ ಮರಳಿ ತರುವ ಮಾತಿಲ್ಲ.

1961ರ ಕಾಯಿದೆಯಿಂದ ರಾಜ್ಯದಲ್ಲಿ ವಂಶಪಾರಂಪರ್ಯವಾದ ಗ್ರಾಮ ಹುದ್ದೆಗಳು ರದ್ದಾದವು. ಅದು ಆಗಬೇಕಾದ ಸುಧಾರಣೆಯೇ. ಆದರೆ ನೀರುಗಂಟಿ ಮಾಡುತ್ತಿದ್ದ ಕೆಲಸವನ್ನು ಮುಂದೆ ಯಾರು ಮಾಡಬೇಕೆಂಬುದು ಅನೇಕ ಊರುಗಳಲ್ಲಿ ತೀರ್ಮಾನವಾಗಲೇ ಇಲ್ಲ. ಇಂದು 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೂ, ಅದಕ್ಕಿಂತ ಚಿಕ್ಕವು ಪಂಚಾಯಿತಿಗಳಿಗೂ ಸೇರಿವೆ. ಸರ್ಕಾರದ ಕೆರೆ ಎಂದೊಡನೆ ತೂಬಿನ ಬಿರಡೆ ಸರಿಮಾಡುವುದಕ್ಕೂ ಸರ್ಕಾರವೇ ಬರಲಿ ಎಂಬ ಭಾವನೆ ಬೆಳೆಯಿತು.

ಈ ನಡುವೆ ರೈತರು ಕೊಳವೆ ಬಾವಿಗೆ ತಿರುಗಿದರು. ಬಾವಿ ಕೊರೆಸಿದ ಹಣ, ಪಂಪು, ಮೋಟಾರು ಎಲ್ಲವೂ ಸ್ವಂತದ್ದು; ನೆರೆಯವರನ್ನು ಕಾಯಬೇಕಾಗಿಲ್ಲ. ಆದರೆ ಮೇಲೆತ್ತುವ ನೀರು ಮಾತ್ರ ಎಲ್ಲರದು. ಕೆರೆಯ ಹಿಂಬದಿಯ ಬಾವಿಗಳಿಗೆ ಕೆರೆಯಿಂದ ಇಂಗಿದ ನೀರೇ ಬಹುಮಟ್ಟಿಗೆ ಆಧಾರ. ಕೋಲಾರ ಜಿಲ್ಲೆಯ ಕೆರೆಗಳಿಗೆ 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಹರಿಸಲು ಆರಂಭಿಸಿದ್ದು ಮುಖ್ಯವಾಗಿ ಅಂತರ್ಜಲ ಹೆಚ್ಚಿಸುವುದಕ್ಕಾಗಿಯೇ. ಹೀಗಿರುವಾಗ ಕೆರೆಯ ವಂತಿಗೆಯನ್ನು ತೂಬಿನ ನೀರು ಪಡೆಯುವವರಿಂದ ಮಾತ್ರ ಎತ್ತುವುದು ನ್ಯಾಯವಲ್ಲ. ಕೊಳವೆ ಬಾವಿಯವರೂ ನೀರುಣಿಸುವ ಎಕರೆಯ ಲೆಕ್ಕದಲ್ಲಿ ಕೊಡಬೇಕು. ದನಕ್ಕೆ ನೀರು ಕುಡಿಸುವ ಭೂಹೀನರಿಂದ ವಂತಿಗೆ ಬೇಡ; ಆದರೆ ಸಭೆಯಲ್ಲಿ ಅವರಿಗೂ ಮಾತಿರಬೇಕು.

ಎಲ್ಲ ಖರ್ಚನ್ನೂ ಊರೇ ಹೊರಲಾರದು. 20 ಹೆಕ್ಟೇರ್ ನೀರು ನಿಲ್ಲುವ ಕೆರೆಯಲ್ಲಿ 10 ಸೆಂ.ಮೀ. ಹೂಳು ತೆಗೆಯುವುದೆಂದರೆ 20,000 ಘನ ಮೀಟರ್ ಮಣ್ಣು; ಟ್ರಾಕ್ಟರಿಗೆ 3 ಘನ ಮೀಟರಿನಂತೆ ಸುಮಾರು 6,700 ಲೋಡು. ಇದು ಶ್ರಮದಾನದಿಂದ ಆಗುವ ಕೆಲಸವಲ್ಲ, ಸರ್ಕಾರದ ಹಣ ಬೇಕೇ ಬೇಕು. ಆದರೆ ಏರಿಯ ಮೇಲಿನ ಗಿಡ ಕೀಳುವುದು, ಇಲಿಬಿಲ ಮುಚ್ಚುವುದು, ಕೋಡಿ ಮತ್ತು ಪೂರಕ ಕಾಲುವೆಗಳನ್ನು ತೆರವುಗೊಳಿಸುವುದು ವರ್ಷ ವರ್ಷದ ಕೆಲಸ. ಇದನ್ನು ಮಂಜೂರಾತಿಗಾಗಿ ಕಾಯುತ್ತ ಬಿಟ್ಟರೆ ಹೂಳೆತ್ತಿದ ಹಣವೂ ವ್ಯರ್ಥವಾಗುತ್ತದೆ.

ಅಮೆರಿಕದ ಎಲಿನರ್ ಆಸ್ಟ್ರಂ ಅವರು ಸ್ಪೇನ್, ನೇಪಾಳ ಮೊದಲಾದ ಕಡೆಗಳ ನೀರಾವರಿ ಸಂಘಗಳನ್ನು ಅಭ್ಯಸಿಸಿ, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದರು. ಬಳಸುವವರೇ ನಿಯಮ ಮಾಡಿಕೊಂಡ, ತಮ್ಮವರಿಂದಲೇ ಕಾವಲು ನಡೆಸಿದ ಕಡೆ ಸ್ವತ್ತು ಉಳಿದುದನ್ನು ಅವರು ತೋರಿಸಿದರು. ದಂಡವೂ ಮೊದಲ ತಪ್ಪಿಗೆ ಸಣ್ಣದಾಗಿದ್ದು ಮುಂದೆ ಏರುತ್ತ ಹೋಗಬೇಕು. ಮೊದಲೇ ಭಾರಿ ದಂಡ ಹಾಕಿದರೆ ಅದು ವಸೂಲಾಗುವುದಿಲ್ಲ, ಊರಲ್ಲಿ ಎರಡು ಪಕ್ಷವಾಗುತ್ತದೆ.

ಸಭೆಯನ್ನು ಏಪ್ರಿಲ್ ಕೊನೆಯೊಳಗೆ ಕರೆಯುವುದು ಒಳ್ಳೆಯದು. ಹಿಂದಿನ ವರ್ಷದ ಜಮಾ-ಖರ್ಚನ್ನು, ಸಂಘಕ್ಕೆ ಮೀನು ಹರಾಜಿನ ಪಾಲು ಬಂದಿದ್ದರೆ ಅದನ್ನೂ, ಮೊದಲು ಓದಿ ಹೇಳಬೇಕು. ಆಮೇಲೆಯೇ ಈ ವರ್ಷದ ವಂತಿಗೆ ಕೇಳಬೇಕು. ನೀರುಗಂಟಿಯನ್ನು ಸಂಬಳಕ್ಕೆ ನೇಮಿಸುವುದಾದರೆ ಅವನ ಸಂಬಳವನ್ನು ಲೆಕ್ಕದ ಮೊದಲ ಸಾಲಿನಲ್ಲಿ ಬರೆದಿಡತಕ್ಕದ್ದು.