ಸಕ್ಕರೆ ಸರಿಯಿದ್ದರೆ ಲೆಕ್ಕ ಸರಿಯಾಯಿತೇ?

ಕಳೆದ ತಿಂಗಳು ಸಂಜೆಯ ಹೊತ್ತು ನಮ್ಮ ವಾಚನಾಲಯಕ್ಕೆ ಬರುವ ಮಿತ್ರರೊಬ್ಬರು ತಮ್ಮ ಆರೋಗ್ಯ ತಪಾಸಣೆಯ ಚೀಟಿಯನ್ನು ಮೇಜಿನ ಮೇಲಿಟ್ಟು, “ನೋಡಿ, ಬರಿಹೊಟ್ಟೆಯ ಸಕ್ಕರೆ 90. ನಮ್ಮ ತಂದೆಯವರಿಗಿದ್ದ ಕಾಯಿಲೆ ನನಗಿಲ್ಲ” ಎಂದು ಸಂತೋಷಪಟ್ಟರು. ಅವರಿಗೆ 42 ವರ್ಷ. ಗುಮಾಸ್ತರ ಕೆಲಸ. ಕೈಕಾಲು ತೆಳ್ಳಗೆ, ಹೊಟ್ಟೆ ಮಾತ್ರ ಮುಂದೆ ಬಂದಿದೆ. ರಕ್ತದೊತ್ತಡ 138/88 ಎಂದು ಅದೇ ಚೀಟಿಯ ಕೆಳಗೆ ಬರೆದಿತ್ತು; ಅದನ್ನು ಅವರು ಗಮನಿಸಿರಲಿಲ್ಲ. ಅವರ ಸಂತೋಷಕ್ಕೆ ಅಡ್ಡಬರುವ ಇಚ್ಛೆ ನಮಗಿರಲಿಲ್ಲ. ಆದರೂ ಅಂಥ ಚೀಟಿ ಹೇಳುವುದೆಷ್ಟು, ಹೇಳದೆ ಬಿಡುವುದೆಷ್ಟು ಎಂಬುದನ್ನು ವಾಚಕರು ತಿಳಿದಿರುವುದು ಒಳ್ಳೆಯದೆಂದು ತೋರಿ ಇದನ್ನು ಬರೆಯುತ್ತಿದ್ದೇವೆ.

ನಾವು ಉಂಡ ಅನ್ನ, ರೊಟ್ಟಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅದನ್ನು ಮಾಂಸಖಂಡಗಳ ಒಳಕ್ಕೆ ಕಳುಹಿಸುವ, ಯಕೃತ್ತು ಬೇಡದ ಹೊತ್ತಿನಲ್ಲಿ ಸಕ್ಕರೆ ತಯಾರಿಸದಂತೆ ತಡೆಯುವ ರಸವೇ ಇನ್ಸುಲಿನ್. ಜಠರದ ಹಿಂದಿರುವ ಮೇದೋಜೀರಕ ಗ್ರಂಥಿಯಲ್ಲಿ ಅದು ಹುಟ್ಟುತ್ತದೆ. ಕೆಲವರ ದೇಹದಲ್ಲಿ ಈ ರಸದ ಮಾತು ಮೊದಲಿನಂತೆ ನಡೆಯುವುದಿಲ್ಲ. ಇದಕ್ಕೇ ಇನ್ಸುಲಿನ್ ಪ್ರತಿರೋಧವೆಂದು ಹೆಸರು. ಆಗ ಗ್ರಂಥಿಯು ಒಂದು ಪಾಲಿನ ಕಡೆ ಮೂರು ಪಾಲು ಸುರಿಸಿ ಸಕ್ಕರೆಯನ್ನು ಅಂಕೆಯಲ್ಲಿಡುತ್ತದೆ. ಸಾಲ ತಂದು ತಿಂಗಳ ಕೊನೆಯ ಶಿಲ್ಕನ್ನು ಸರಿದೂಗಿಸಿದ ಹಾಗೆ. ಬರಿಯ ಶಿಲ್ಕು ನೋಡಿದವನಿಗೆ ಸಾಲ ಕಾಣದು. ಹೀಗೆ ಹಲವು ವರ್ಷ ನಡೆದು, ಗ್ರಂಥಿಯ ಶಕ್ತಿ ಉಡುಗಿದ ಮೇಲೆ ಸಕ್ಕರೆ ಏರುತ್ತದೆ. ನಾವು ಆ ದಿನ ಕಾಯಿಲೆ ಬಂತೆನ್ನುತ್ತೇವೆ.

ಈ ಸಾಲದ ಸುಳಿವನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರು ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್. 1936ರಲ್ಲಿ ಅವರು ರೋಗಿಗಳಿಗೆ ಗ್ಲೂಕೋಸ್ ಕುಡಿಸಿ, ಅದೇ ಹೊತ್ತಿಗೆ ಇನ್ಸುಲಿನ್ ಚುಚ್ಚಿ ನೋಡಿದರು. ಕೆಲವರಲ್ಲಿ ಸಕ್ಕರೆ ಅಡಗಿತು. ಕೆಲವರಲ್ಲಿ ಚುಚ್ಚಿದ ಮದ್ದನ್ನು ಲೆಕ್ಕಿಸದೆ ಏರಿತು. ಆದರೆ ರಕ್ತದಲ್ಲಿರುವ ಇನ್ಸುಲಿನ್ನನ್ನೇ ನಂಬಿಕೆಯಿಂದ ಅಳೆಯುವುದು ಆಗ ಸಾಧ್ಯವಿರಲಿಲ್ಲ. ಆ ಉಪಾಯವನ್ನು 1960ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ರೊಸಾಲಿನ್ ಯಾಲೊ, ಸಾಲೊಮನ್ ಬರ್ಸನ್ ಎಂಬಿಬ್ಬರು ಕಂಡುಹಿಡಿದರು. ಬರ್ಸನ್ 1972ರಲ್ಲಿ ತೀರಿಕೊಂಡರು; 1977ರ ನೊಬೆಲ್ ಪಾರಿತೋಷಕ ಯಾಲೊ ಅವರಿಗೆ ಬಂತು.

ಪ್ರತಿರೋಧವನ್ನು ಅಳೆಯುವ ಅತ್ಯಂತ ಕರಾರುವಾಕ್ಕಾದ ವಿಧಾನವನ್ನು 1979ರಲ್ಲಿ ರಾಲ್ಫ್ ಡಿಫ್ರಾಂಜೊ ಮತ್ತು ಸಂಗಡಿಗರು ವಿವರಿಸಿದರು. ಇನ್ಸುಲಿನ್ನನ್ನು ಎಡೆಬಿಡದೆ ರಕ್ತಕ್ಕೆ ಹರಿಸುತ್ತ, ಸಕ್ಕರೆ ಇಳಿಯದಂತೆ ಬೇಕಾದಷ್ಟು ಗ್ಲೂಕೋಸನ್ನೂ ಕೊಡುತ್ತ, ಐದೈದು ನಿಮಿಷಕ್ಕೆ ರಕ್ತ ನೋಡುತ್ತ ಎರಡು ಗಂಟೆ ಕೂರಬೇಕು. ಹೆಚ್ಚು ಗ್ಲೂಕೋಸ್ ಬೇಡುವ ದೇಹವೇ ಒಳ್ಳೆಯ ದೇಹ. ಇದು ಸಂಶೋಧಕರ ಕೆಲಸವೇ ಹೊರತು ನಮ್ಮ ನಿಮ್ಮಂಥವರಿಗಲ್ಲ. ಸುಲಭದ ಲೆಕ್ಕವೊಂದನ್ನು 1985ರಲ್ಲಿ ಆಕ್ಸ್‌ಫರ್ಡಿನವರು ಕೊಟ್ಟರು: ಬರಿಹೊಟ್ಟೆಯ ಸಕ್ಕರೆಯನ್ನು ಬರಿಹೊಟ್ಟೆಯ ಇನ್ಸುಲಿನ್ನಿನಿಂದ ಗುಣಿಸುವುದು. ಸಕ್ಕರೆ ಮಿಲಿಗ್ರಾಂ ಲೆಕ್ಕದಲ್ಲಿದ್ದರೆ ಬಂದದ್ದನ್ನು 405ರಿಂದ ಭಾಗಿಸಬೇಕು. ಒಂದೇ ಕಚೇರಿಯ ಇಬ್ಬರಿಗೂ ಸಕ್ಕರೆ 90 ಇದೆಯೆನ್ನಿ. ಒಬ್ಬರ ಇನ್ಸುಲಿನ್ 5, ಇನ್ನೊಬ್ಬರದು 18. ಮೊದಲನೆಯವರ ಲೆಕ್ಕ 1.1, ಎರಡನೆಯವರದು 4. ಚೀಟಿಯಲ್ಲಿ ಇಬ್ಬರೂ ಸಮಾನರು; ಒಳಗೆ ಒಬ್ಬರ ಗ್ರಂಥಿ ಸುಮಾರು ನಾಲ್ಕು ಪಟ್ಟು ದುಡಿಯುತ್ತಿದೆ.

ಹಾಗೆಂದು ನಾಳೆಯೇ ಎಲ್ಲರೂ ಹಣ ಕೊಟ್ಟು ಇನ್ಸುಲಿನ್ ಪರೀಕ್ಷೆ ಮಾಡಿಸಿರೆಂದು ನಾವು ಹೇಳುವುದಿಲ್ಲ. ಒಂದು ಪ್ರಯೋಗಾಲಯದ ಅಂಕಿ ಇನ್ನೊಂದರದಕ್ಕೆ ತಾಳೆಯಾಗದು. ಇಷ್ಟು ಮೀರಿದರೆ ದೋಷವೆಂಬ ಒಪ್ಪಿತವಾದ ಒಂದು ಗೆರೆಯೂ ಇಲ್ಲ. ವೈದ್ಯರು ಇದನ್ನು ಎಲ್ಲರಿಗೂ ಬರೆಯದಿರುವುದಕ್ಕೆ ಇದೇ ಕಾರಣ.

ಇನ್ನು ರಕ್ತನಾಳದ ಸಂಗತಿ. ಇದು ನಮಗೆ ಹೆಚ್ಚು ಮುಖ್ಯವೆಂದು ತೋರುತ್ತದೆ. ನಾಳದ ಒಳಮೈಗೆ ತೆಳುವಾದ ಒಂದು ಪೊರೆಯಿದೆ. ಅದನ್ನು ಬಹುಕಾಲ ಬರಿಯ ಗಿಲಾವೆಂದೇ ಭಾವಿಸಿದ್ದರು. 1980ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್, ಮೊಲದ ರಕ್ತನಾಳದ ತುಂಡಿನಿಂದ ಈ ಪೊರೆಯನ್ನು ಉಜ್ಜಿ ತೆಗೆದರೆ, ಸಡಿಲಗೊಳಿಸುವ ಮದ್ದು ಹಾಕಿದರೂ ನಾಳ ಸಡಿಲವಾಗುವುದಿಲ್ಲವೆಂದು ತೋರಿಸಿದರು. ಪೊರೆಯಿಂದ ಹೊರಡುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಮುಂದೆ ತಿಳಿಯಿತು. 1998ರ ನೊಬೆಲ್ ಪಾರಿತೋಷಕ ಈ ಕೆಲಸಕ್ಕೇ ಸಂದಿತು. ಇನ್ಸುಲಿನ್ ಸಹ ಇದೇ ಅನಿಲದ ಮೂಲಕ ನಾಳವನ್ನು ಹಿಗ್ಗಿಸಿ ಮಾಂಸಖಂಡಕ್ಕೆ ಹೆಚ್ಚು ರಕ್ತ ಹರಿಯುವಂತೆ ಮಾಡುತ್ತದೆಂದು 1990ರ ದಶಕದಲ್ಲಿ ಗೊತ್ತಾಯಿತು. ಪ್ರತಿರೋಧವಿದ್ದಲ್ಲಿ ಈ ಹಿಗ್ಗಿಸುವ ಮಾತು ನಾಳಕ್ಕೆ ಕೇಳಿಸುವುದಿಲ್ಲ. ಆದರೆ ಇನ್ಸುಲಿನ್ನಿಗೆ ನಾಳವನ್ನು ಬಿಗಿಸುವ ಇನ್ನೊಂದು ಮಾತೂ ಉಂಟು, ಅದು ಕೇಳುತ್ತಲೇ ಇರುತ್ತದೆ. ರಕ್ತ ಕಡಿಮೆ ಹರಿದರೆ ಇನ್ಸುಲಿನ್ನೂ ಸಕ್ಕರೆಯೂ ಮಾಂಸಖಂಡಕ್ಕೆ ಕಡಿಮೆ ತಲಪುತ್ತವೆ. ಪ್ರತಿರೋಧ ಇನ್ನಷ್ಟು ಬೆಳೆಯುತ್ತದೆ. ಸಕ್ಕರೆ ಏರುವ ಮೊದಲೇ ನಾಳ ಕೆಡತೊಡಗುವ ದಾರಿಗಳಲ್ಲಿ ಇದೊಂದು.

ನಾಳದ ಪೊರೆಯನ್ನೂ ಪರೀಕ್ಷಿಸಬಹುದು. ಮುಂಗೈಗೆ ಒತ್ತಡದ ಪಟ್ಟಿ ಸುತ್ತಿ ಐದು ನಿಮಿಷ ರಕ್ತ ತಡೆದು, ಬಿಟ್ಟ ಮೇಲೆ ತೋಳಿನ ನಾಳ ಎಷ್ಟು ಹಿಗ್ಗಿತೆಂದು ಅಲ್ಟ್ರಾಸೌಂಡಿನಲ್ಲಿ ನೋಡುತ್ತಾರೆ. ಇದೂ ಬಹುಮಟ್ಟಿಗೆ ಸಂಶೋಧನೆಯ ಪರೀಕ್ಷೆಯೇ.

ನಮಗೆ ಕೈಗೆಟುಕುವುದು ದರ್ಜಿಯ ಟೇಪು. ತೆಳ್ಳಗಿದ್ದೇವೆ, ನಮಗೇನು ಎನ್ನುವವರು ನಮ್ಮ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕರ ಮಾತು ಕೇಳಬೇಕು. 2004ರಲ್ಲಿ ಅವರೂ ಲಂಡನ್ನಿನ ಜಾನ್ ಯುಡ್ಕಿನ್ನರೂ ತಮ್ಮ ಭಾವಚಿತ್ರವನ್ನೇ ವೈದ್ಯಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಅಂಕಿ ಇಬ್ಬರದೂ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್ನರದು ನೂರಕ್ಕೆ 9.1, ಯಾಜ್ಞಿಕರದು 21.2! ಆದಕಾರಣ ತೂಕದ ಯಂತ್ರವನ್ನೇ ನಂಬಬೇಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಬಿಗಿಯದೆ ಅಳೆಯಿರಿ. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಗಡಿ. ಜೊತೆಗೆ ರಕ್ತದೊತ್ತಡ 130/85, ಟ್ರೈಗ್ಲಿಸರೈಡ್ ಎಂಬ ಕೊಬ್ಬು 150, ಬರಿಹೊಟ್ಟೆಯ ಸಕ್ಕರೆ 100 ಇವು ಮುಟ್ಟಿವೆಯೇ, ಒಳ್ಳೆಯ ಕೊಲೆಸ್ಟರಾಲ್ ಗಂಡಸರಲ್ಲಿ 40ಕ್ಕೆ, ಹೆಂಗಸರಲ್ಲಿ 50ಕ್ಕೆ ಕಡಿಮೆಯೇ ನೋಡಿ. ಐದರಲ್ಲಿ ಮೂರು ತಪ್ಪಿದ್ದರೆ ಸಕ್ಕರೆ ಸರಿಯಿದ್ದರೂ ವೈದ್ಯರನ್ನು ಕಾಣಬೇಕು. ದುಡಿಯುವ ಮಾಂಸಖಂಡ ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಊಟದ ಮೇಲೆ ಕಾಲುಗಂಟೆ ನಡೆಯುವುದಕ್ಕೆ ಖರ್ಚೇನೂ ಇಲ್ಲ. ಖಾನಾವಳಿಯಲ್ಲಿ ಉಂಡು ನೇರ ಕುರ್ಚಿಗೆ ಮರಳುವವರಿಗೆ ಇದನ್ನು ಒತ್ತಿ ಹೇಳುತ್ತೇವೆ.

ನಮ್ಮ ಮಿತ್ರರ ಸೊಂಟವನ್ನು ವಾಚನಾಲಯದಲ್ಲೇ ಅಳೆದೆವು: 97. ಚೀಟಿಯಲ್ಲಿ ಟ್ರೈಗ್ಲಿಸರೈಡ್ 210 ಇತ್ತು. ಮರುವಾರ ಅವರು ಅದೇ ಚೀಟಿ ಹಿಡಿದು ವೈದ್ಯರಲ್ಲಿಗೆ ಹೋದರು, ಈ ಸಲ ರಕ್ತದೊತ್ತಡದ ಸಾಲನ್ನು ಮೊದಲು ತೋರಿಸಲು.