ಸೂರ್ಯಕಾಂತಿಯ ಮೊಗ್ಗು ಅರಳದಿದ್ದರೆ



ದನದ ಡಾಕ್ಟರಿಗೆ ಸೂರ್ಯಕಾಂತಿಯ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಆಕಳು ನೋಡಲು ಹೋದ ನನ್ನನ್ನು ಹೊಲಕ್ಕೆ ಕರೆದೊಯ್ದು, "ಸಾಹೇಬ್ರ, ಮೊಗ್ಗಿ ಬಂದೈತಿ, ಹೂವು ಅರಳವಲ್ದು" ಎಂದು ತೋರಿಸಿದವರು ಹಲವರಿದ್ದಾರೆ. ಗೊಬ್ಬರ ಸಾಲದೆಂದು ಯೂರಿಯಾ ಸುರಿಯುವ ಮುನ್ನ ಎಲೆಗಳನ್ನು ನೋಡಿರಿ.

ಎಲೆಯಲ್ಲಿ ಹಳದಿ ಮಚ್ಚೆಗಳು ಮೂಡಿ, ನಂತರ ಕಂದಾಗಿ ಒಣಗುತ್ತ ತೊಟ್ಟು, ಕಾಂಡಕ್ಕೂ ಇಳಿದಿದ್ದರೆ ಅದು ನೆಕ್ರೋಸಿಸ್ ನಂಜುರೋಗ. ಗಿಡ ಗಿಡ್ಡಾಗುತ್ತದೆ, ಮೊಗ್ಗು ಸೊಟ್ಟಗಾಗಿ ಅರಳದೆ ಕಮರುತ್ತದೆ. 1997ರಲ್ಲಿ ಆಗಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿ ಭಾಗದಲ್ಲಿ ಈ ರೋಗ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತು. ರೋಗ ಬಂದ ಗಿಡಕ್ಕೆ ಔಷಧಿಯಿಲ್ಲ. ಕಿತ್ತು ಹೂಳಬೇಕು.

ಈ ನಂಜು ಅಡಗಿರುವುದು ನಮ್ಮ ಬದುವಿನ ಮೇಲಿನ ಕಾಂಗ್ರೆಸ್ ಕಳೆಯಲ್ಲಿ, ಅಂದರೆ ಪಾರ್ಥೇನಿಯಂನಲ್ಲಿ. ಕಳೆಗೆ ರೋಗದ ಗುರುತೇ ಇರುವುದಿಲ್ಲ. ಅದರ ಹೂವಿನ ಪರಾಗವನ್ನು ಥ್ರಿಪ್ಸ್ ನುಸಿ ಮೈಗಂಟಿಸಿಕೊಂಡು ಬಂದು ಸೂರ್ಯಕಾಂತಿಯ ಎಲೆ ಕೆರೆದಾಗ, ಆ ಗಾಯದಿಂದ ನಂಜು ಒಳಸೇರುತ್ತದೆ. ಇದೇ ಕಳೆಯನ್ನು ಮೇವಿನ ಜೊತೆ ತಿಂದ ಆಕಳ ಹಾಲು ಕಹಿಯಾಗುವುದನ್ನೂ ನೀವು ಕಂಡಿರಬಹುದು. ಆದ್ದರಿಂದ ಬದು, ದಾರಿಬದಿ, ತಿಪ್ಪೆಯ ಸುತ್ತ ಎಲ್ಲಿದ್ದರೂ ಹೂವಾಡುವ ಮೊದಲೇ ಕೀಳಿಸಿರಿ. ಬರಿಗೈಯಲ್ಲಿ ಬೇಡ, ಮೈ ತುರಿಸುತ್ತದೆ.

ಹೊಲದ ಸುತ್ತ ನಾಲ್ಕೈದು ಸಾಲು ಜೋಳ ಬಿತ್ತಿದರೆ ನುಸಿಗೆ ತಡೆಯಾಗುತ್ತದೆ, ಮೇವೂ ಸಿಗುತ್ತದೆ. ಆದರೆ ಇಲ್ಲೇ ನನ್ನ ಎಚ್ಚರಿಕೆ. ಎಳೆ ಜೋಳ, ಮಳೆಯಿಲ್ಲದೆ ಬಾಡಿದ ಜೋಳ, ಕೂಳೆಯ ಚಿಗುರು ಇವುಗಳಲ್ಲಿ ಸಯನೈಡ್ ವಿಷವಿರುತ್ತದೆ. ಮೇಯ್ದ ಸ್ವಲ್ಪ ಹೊತ್ತಿನಲ್ಲೇ ದನ ಏದುಸಿರು ಬಿಟ್ಟು, ನಡುಗಿ ಬೀಳುತ್ತದೆ. ಕೂಡಲೇ ವೈದ್ಯರನ್ನು ಕರೆಸಿರಿ, ನಾಟಿ ಔಷಧಿಯಲ್ಲಿ ಹೊತ್ತು ಕಳೆಯಬೇಡಿರಿ. ತೆನೆ ಹೊರಟು ಹೂವಾಡುವ ತನಕ ಆ ಜೋಳ ಕೊಯ್ಯಬೇಡಿರಿ. ಹಾಗೆಯೇ ಔಷಧಿ ಹಚ್ಚಿ ಬಿತ್ತಿ ಉಳಿದ ಬೀಜವನ್ನು ದನಕ್ಕಾಗಲಿ ಕೋಳಿಗಾಗಲಿ ಹಾಕಬಾರದು.

ಎಲೆಯಲ್ಲಿ ಮಚ್ಚೆಯಿಲ್ಲ, ಆದರೆ ಮೇಲಿನ ಎಲೆಗಳು ದಪ್ಪಗಾಗಿ ಪಟಪಟನೆ ಮುರಿಯುತ್ತವೆ, ತೆನೆಯ ಆಕಾರ ಕೆಟ್ಟಿದೆ ಎಂದರೆ ಬೋರಾನ್ ಕೊರತೆಯಿರಬಹುದು. ಲೀಟರ್ ನೀರಿಗೆ 2 ಗ್ರಾಂ ಬೋರಾಕ್ಸ್ ಬೆರೆಸಿ (ಮೊದಲು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿಕೊಳ್ಳಿರಿ) ಹಳದಿ ಎಸಳು ಬಿಚ್ಚುವಾಗ ತೆನೆಯ ಮುಖಕ್ಕೆ ಸಿಂಪಡಿಸಿರಿ. ಮೊಗ್ಗಿನಿಂದ ಕಾಳು ಕಟ್ಟುವವರೆಗೆ ತೇವ ಕಡಿಮೆಯಾಗಬಾರದು.

ಹೂವು ಅರಳಿಯೂ ಕಾಳು ಜೊಳ್ಳಾದರೆ ಜೇನುನೊಣದ ಕೊರತೆಯಿರಬಹುದು. ಹೂವಿದ್ದಾಗ ಕೀಟನಾಶಕ ಹೊಡೆಯದಿರಿ. ನೊಣ ಕಾಣದಿದ್ದರೆ ಬೆಳಿಗ್ಗೆ 8ರಿಂದ 11ರೊಳಗೆ, ದಿನ ಬಿಟ್ಟು ದಿನ, ಎರಡು ತೆನೆಗಳ ಮುಖವನ್ನು ಹಗುರಾಗಿ ಉಜ್ಜಿರಿ. ಮನೆಯ ಹೆಣ್ಣುಮಕ್ಕಳ ಕೈ ಇದಕ್ಕೆ ಗಂಡಸರಿಗಿಂತ ಮೃದು ಎಂಬುದು ನಾನು ಕಂಡ ಮಾತು.

ಕಾಳು ಬಡಿದ ಮೇಲೆ ತೆನೆಯ ಬಿಲ್ಲೆಗಳನ್ನು ಸುಡಬೇಡಿರಿ. ಚೆನ್ನಾಗಿ ಒಣಗಿಸಿ, ಕತ್ತರಿಸಿ, ಸೊಪ್ಪೆಯೊಡನೆ ಬೆರೆಸಿ ತಿನ್ನಿಸಬಹುದು. ಬೂಷ್ಟು ಹಿಡಿದದ್ದು ಮಾತ್ರ ತಿಪ್ಪೆಗೆ.